ಹಸಿದ ಉರಿಯ ಐದು ಮಣಿ

ಮಣಿ ಮಾಡುವುದನ್ನು ಜನ ಕೈಕೆಲಸ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಕಾಲಿನ ಕೆಲಸ. ಗಾಜು ಕರಗಿಸಿ ಕಡ್ಡಿಗೆ ಸುತ್ತುವುದನ್ನು ನಾನು ಹದಿನೈದು ದಿನದಲ್ಲಿ ಕಲಿತೆ. ಉರಿಗೆ ಗಾಳಿ ಊದುವ ತಿದಿಯ ಮೇಲೆ ಕಾಲನ್ನು ಎಷ್ಟು ಒತ್ತಬೇಕು, ಯಾವಾಗ ಎತ್ತಬೇಕು ಅನ್ನುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು. ನಮ್ಮ ಮನೆಯವರು, "ಹೊಲಿಗಿ ಮಷೀನ್ ಕೊಡಿಸಿದ್ರ ಇಷ್ಟೊತ್ತಿಗೆ ವಾಡೇದ ಮಂದಿಗೆಲ್ಲಾ ಝಂಪರ್ ಹೊಲದಿರ್ತಿದ್ದಿ" ಎಂದು ಚೇಷ್ಟೆ ಮಾಡುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ಹೊಲಿಗೆ ಮಷೀನಿನಲ್ಲಿ ಬೆಂಕಿ ಎಲ್ಲಿರುತ್ತದೆ?

ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ವಿಜಾಪುರದ ಕಡೆಯಿಂದ ಪುಣೆಗೆ ಬಂದೆ. ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ, ಹಲವು ಸಂಸಾರಗಳ ಆ ವಠಾರದ ಮೊದಲ ಮಾಳಿಗೆಯ ಮೇಲೆ ನಮಗೆ ಎರಡು ಖೋಲಿ. ಮನೆಯಲ್ಲಿ ನಾನು, ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮನೆಯವರು, ಮತ್ತು ಅತ್ತೆ. ಮಗ ಮೂರು ವರ್ಷದವನಿದ್ದಾಗಲೇ ಅತ್ತೆ ಗಂಡನನ್ನು ಕಳೆದುಕೊಂಡಿದ್ದರು. ಬರಿಗೈ, ಬರಿಗೊರಳು, ಬಣ್ಣ ಮಾಸಿದ ಸೀರೆ. ಹಾಗೆಂದು ಮೂಲೆ ಹಿಡಿದು ಕೂತ ಹೆಂಗಸಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಯಾರ ಮನೆಯಲ್ಲಿ ಮದುವೆ ಸೀರೆ ತಂದರೂ ಮೊದಲು ಅತ್ತೆಯ ಮುಂದೆ ಹರವುತ್ತಿದ್ದರು. ಯಾವ ಬಣ್ಣಕ್ಕೆ ಯಾವ ಅಂಚು ಒಪ್ಪುತ್ತದೆ ಎಂದು ಹೇಳುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ತಮಗೆಂದು ಮಾತ್ರ ಯಾವ ಬಣ್ಣವನ್ನೂ ಮುಟ್ಟಲಿಲ್ಲ.

ಅತ್ತೆಯ ಅಭಿಮಾನವೆಲ್ಲ ಬಂಬದ ಮೇಲೆ. ಸ್ನಾನದ ನೀರು ಕಾಯಿಸುವ ಆ ತಾಮ್ರದ ಹಂಡೆಯ ನಡುವೆ ಕೊಳವೆ, ಅದರೊಳಗೆ ಇದ್ದಿಲು, ಕೆಳಗೆ ಬೂದಿ ಬೀಳುವ ಜಾಗ. ಪ್ರತಿ ಶುಕ್ರವಾರ ಅತ್ತೆ ಹುಣಸೆಹಣ್ಣು, ಉಪ್ಪು, ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದರು. ತಿಕ್ಕಿ ಮುಗಿದ ಮೇಲೆ ಅದರಲ್ಲಿ ನಮ್ಮ ಮುಖ ಕಾಣುತ್ತಿತ್ತು. ಕಿಲುಬು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮದಷ್ಟೇ ಅಲ್ಲ, ಪಕ್ಕದ ಮನೆಯವರ ಚೆಂಬಿನ ಕಿಲುಬನ್ನೂ ಕೇಳದೇ ತಿಕ್ಕಿ ಕೊಟ್ಟು ಬರುತ್ತಿದ್ದರು.

ಕೆಳಗೆ ಜಿನೆಯ, ಅಂದರೆ ಮೆಟ್ಟಿಲಿನ, ಬದಿಯ ಖೋಲಿಯಲ್ಲಿ ಒಬ್ಬ ಕಾಕಾ ಇದ್ದರು. ಮರಾಠಿಯವರು, ಒಂಟಿ ಜೀವ. ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆಗಳನ್ನು ಊದಿ, ಬಾಗಿಸಿ ಕೊಡುತ್ತಿದ್ದವರು, ನಿವೃತ್ತರಾದ ಮೇಲೆ ತಮ್ಮ ಟಾರ್ಚನ್ನು ಮನೆಯಲ್ಲೇ ಹೂಡಿದ್ದರು. ಟಾರ್ಚ್ ಎಂದರೆ ದೊಡ್ಡ ಯಂತ್ರವೇನಲ್ಲ. ಒಂದರೊಳಗೊಂದು ಸೇರಿಸಿದ ಎರಡು ಹಿತ್ತಾಳೆ ಕೊಳವೆ. ಹೊರಗಿನದರಲ್ಲಿ ಗ್ಯಾಸು, ಒಳಗಿನದರಲ್ಲಿ ತಿದಿಯ ಗಾಳಿ. ಇಡೀ ವಾಡೆಯಲ್ಲಿ ಗ್ಯಾಸಿನ ಸಿಲಿಂಡರ್ ಇದ್ದದ್ದು ಮೂರು ಮನೆಗೆ. ಅದರಲ್ಲಿ ಕಾಕಾ ಒಬ್ಬರೇ ಅಡುಗೆಯನ್ನು ಸೀಮೆಎಣ್ಣೆ ಸ್ಟೋವಿನ ಮೇಲೆ ಮಾಡಿಕೊಂಡು, ಗ್ಯಾಸನ್ನು ಗಾಜಿಗೆ ಮೀಸಲಿಟ್ಟಿದ್ದರು. ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಈ ಮನುಷ್ಯನ ಲೆಕ್ಕಾಚಾರ ಸರಿಯಾಗಿದೆ ಅನ್ನಿಸಿತು.

ನೀರು ತರಲು ಇಳಿದಾಗಲೆಲ್ಲ ಅವರ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ತಿಂಗಳು ಹಾಗೇ ನೋಡಿದ ಮೇಲೆ ಕಾಕಾ ಮರಾಠಿಯಲ್ಲಿ, "ನಿಂತು ನಿಂತು ಹೊಸ್ತಿಲು ಸವೆಸಬೇಡ, ಒಳಗೆ ಬಂದು ಕೂಡು" ಎಂದರು. ಮಣಿಯಿಂದ ಶುರು ಮಾಡಿಸಿದರು. ಮುರಿದ ಸೈಕಲ್ಲಿನ ಕಡ್ಡಿಗಳಿಗೆ ಪುಣೆಯಲ್ಲಿ ಬರವಿರಲಿಲ್ಲ. ಕಡ್ಡಿಗೆ ಮುಲ್ತಾನಿ ಮಿಟ್ಟಿಯ ಲೇಪ ಹಚ್ಚಿ ಒಣಗಿಸಿ, ಅದರ ಮೇಲೆ ಕರಗಿದ ಗಾಜು ಸುತ್ತಬೇಕು. ಲೇಪ ಇಲ್ಲದಿದ್ದರೆ ಮಣಿ ಕಡ್ಡಿ ಬಿಟ್ಟು ಬರುವುದಿಲ್ಲ. ಮಾಡಿದ ಮಣಿಯನ್ನು ಬಿಸಿ ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ಆರಿಸಬೇಕು. ಇಲ್ಲದಿದ್ದರೆ ಸೀಳುತ್ತದೆ. ಬೂದಿಗೆ ನಮ್ಮ ಬಂಬ ಇದ್ದೇ ಇತ್ತು.

ಗಾಜಿಗೆ ಮಾತ್ರ ನಾನು ಕಳ್ಳದಾರಿ ಹಿಡಿದೆ. ಪೇಟೆಯ ಬಳೆಗಾರ್ತಿಯ ಬಳಿ ಚೂರಾದ ಬಳೆ ಬುಟ್ಟಿಗಟ್ಟಲೆ ಬಿದ್ದಿರುತ್ತಿತ್ತು. ಕೇಳಿದರೆ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದಳು. ಆದರೆ ಒಡೆದ ಬಳೆಯ ಚೂರು ಮನೆಯೊಳಗೆ ಇರಕೂಡದು ಎಂಬುದು ಅತ್ತೆಯ ಕಟ್ಟುನಿಟ್ಟು. ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳುವುದೂ ಅಪಶಕುನ, ಹೆಚ್ಚಿತು ಅನ್ನಬೇಕು. ಹಾಗಾಗಿ ಚೂರುಗಳನ್ನು ಕಾಕಾನ ಖೋಲಿಯಲ್ಲೇ ಡಬ್ಬಿಯಲ್ಲಿ ಬಚ್ಚಿಟ್ಟೆ. ಮಣಿ ಯಾವುದರಿಂದ ಮಾಡುತ್ತೀ ಎಂದು ಅತ್ತೆ ಕೇಳಿದರೆ, ಕಾಕಾ ಏನೋ ಕೊಡುತ್ತಾರೆ ಎಂದು ಹಾರಿಕೆಯ ಉತ್ತರ ಕೊಡುತ್ತಿದ್ದೆ.

ತಾಮ್ರದ ಬಣ್ಣ ಬಂದದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಪಚ್ಚೆನೀಲಿ ಬಳೆಯ ಚೂರಿನಿಂದ ಮಣಿ ಮಾಡುತ್ತಿದ್ದೆ. ಮೇಲಿಂದ ಅತ್ತೆ, "ಹಾಲು ಉಕ್ಕಿತು ನೋಡ" ಎಂದು ಕೂಗಿದರು. ಆ ಗಡಿಬಿಡಿಯಲ್ಲಿ ತಿದಿಯ ಮೇಲಿನ ಕಾಲು ನಿಂತಿತು. ಗಾಳಿ ಇಲ್ಲದೆ ನೀಲಿ ಉರಿ ಹಳದಿಯಾಗಿ, ದಪ್ಪಗಾಗಿ, ಹೊಗೆಯಾಡತೊಡಗಿತು. ಮಣಿ ಅದರಲ್ಲೇ ಇತ್ತು. ಹೊರಗೆ ತೆಗೆದಾಗ ಮೈಯೆಲ್ಲ ಮಸಿ. ಹಾಳಾಯಿತು ಎಂದುಕೊಂಡೇ ಬೂದಿಗೆ ಹಾಕಿದೆ. ಮರುದಿನ ತೆಗೆದು ಸೆರಗಿನ ತುದಿಯಿಂದ ಒರೆಸಿದರೆ ಮಸಿಯ ಕೆಳಗೆ ತಾಮ್ರ ಹೊಳೆಯುತ್ತಿತ್ತು. ಗಾಜಿನ ಮಣಿಗೆ ಯಾರೋ ತಾಮ್ರದ ಮುಲಾಮು ಹಾಕಿದ ಹಾಗೆ.

ಕಾಕಾಗೆ ತೋರಿಸಿದರೆ ಅವರು ಬೆರಗಾಗಲಿಲ್ಲ, ನಕ್ಕರು. ಪಚ್ಚೆನೀಲಿ ಗಾಜಿಗೆ ಆ ಬಣ್ಣ ಬರುವುದೇ ತಾಮ್ರದಿಂದ ಎಂದರು. ಗಾಳಿ ಸಿಗದೆ ಹಸಿದ ಉರಿ ಗಾಜಿನ ಮೈಯಿಂದಲೇ ಪ್ರಾಣವಾಯು ಕಿತ್ತುಕೊಳ್ಳುತ್ತದಂತೆ. ಆಗ ಒಳಗೆ ಅಡಗಿದ್ದ ತಾಮ್ರ ತಾಮ್ರವಾಗಿಯೇ ಮೇಲೆ ಕಾಣಿಸಿಕೊಳ್ಳುತ್ತದೆ. "ಆದರೆ ಅದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು" ಎಂದು ಎಚ್ಚರಿಸಿದರು. ಉರಿಯ ಹಸಿವು ಕಡಿಮೆಯಾದರೆ ಬಣ್ಣ ಏಳುವುದಿಲ್ಲ, ಹೆಚ್ಚಾದರೆ ಮಣಿ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತದೆ. ಮಣಿಯನ್ನು ಮೊದಲು ನೀಲಿ ಉರಿಯಲ್ಲಿ ದುಂಡಗೆ ಮಾಡಿ, ಕೆಂಪು ಇಳಿಯುವವರೆಗೆ ಹೊರಗೆ ಹಿಡಿದು, ಆಮೇಲೆ ಕಾಲು ಸಡಿಲಿಸಿ ಹಳದಿ ಉರಿಯಲ್ಲಿ ಒಮ್ಮೆ ಆಡಿಸಿ ತೆಗೆಯಬೇಕು. ಒಂದು ಉಸಿರಿನಷ್ಟು ಹೊತ್ತು. ಎರಡು ವರ್ಷ ಹಿಡಿದ ಕಾಲಿನ ಪಾಠ ಎಂದೆನಲ್ಲ, ಅದು ಇದೇ. ಆ ಎರಡು ವರ್ಷ ನಾನು ಭಾಳ ಸುಖವಾಗಿದ್ದೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಕೆಳಗಿಳಿದರೆ ನಾಲ್ಕರ ಚಹಾದವರೆಗೆ ನನ್ನನ್ನು ಕೇಳುವವರಿರಲಿಲ್ಲ.

ದೀಪಾವಳಿಯ ಮುಂದೆ ಪೇಠದ ಮಹಿಳಾ ಮಂಡಳದವರು ಶಾಲೆಯ ಹಾಲಿನಲ್ಲಿ ಪ್ರದರ್ಶನ ಇಡುತ್ತಿದ್ದರು. ಒಂದು ವರ್ಷ ನನ್ನ ಮಣಿಸರವನ್ನೂ ಇಡಲು ಒಪ್ಪಿದರು. ಐವತ್ತೊಂದು ಮಣಿ, ಎಲ್ಲಕ್ಕೂ ತಾಮ್ರದ ಹೊಳಪು. ಮೂರು ವಾರ ಕೂತು ಮಾಡಿದೆ. ಸೀಳು ಬಿಡದಿರಲಿ ಎಂದು ಕೊನೆಗೊಮ್ಮೆ ಎಲ್ಲವನ್ನೂ ಬಂಬದ ಬಿಸಿ ಬೂದಿಯಲ್ಲಿ ಹೂತಿಟ್ಟು, ಮಸಿ ಒರೆಸುವುದನ್ನು ಮರುದಿನಕ್ಕೆ ಬಿಟ್ಟು, ದಾರ ತರಲು ಪೇಟೆಗೆ ಹೋದೆ. ಅಂದು ಶುಕ್ರವಾರ ಎನ್ನುವುದು ನನಗೆ ನೆನಪಾಗಲಿಲ್ಲ.

ಹಿಂತಿರುಗಿ ಬಂದಾಗ ಅತ್ತೆ ಪಾತ್ರೆ ತೊಳೆಯುವ ಮೋರಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಬಂಬ ಥಳಥಳ. ಮುಂದೆ ಹುಣಸೆಹಣ್ಣಿನ ಬಟ್ಟಲು, ಕೈಯಲ್ಲಿ ತೆಂಗಿನ ನಾರು. ತಟ್ಟೆಯ ತುಂಬ ನನ್ನ ಮಣಿಗಳು, ಒಂದೊಂದೂ ಪಚ್ಚೆನೀಲಿ.

"ಬೂದ್ಯಾಗ ಸಿಕ್ಕೂ" ಎಂದರು ಸಂಭ್ರಮದಿಂದ. "ತಾಮ್ರದ ಮಣಿ, ಮಸಿ ಹಿಡದು ಕೂತಿದ್ದೂ. ನಿನ್ನ ಪ್ರದರ್ಶನಕ್ಕ ಹೊಳೀಲಿ ಅಂತ ತಿಕ್ಕೀನಿ. ಆದ್ರ ಭಾಳ ಹಳೇ ಕಿಲಬ ನೋಡ, ತಿಕ್ಕಿದಷ್ಟೂ ಹಸರ ಬರಲಿಕ್ಕೆ ಹತ್ತೇದ. ಆಗಿಂದ ತಿಕ್ಕಿ ತಿಕ್ಕಿ ಕೈ ಸೋತು ಹೋತು."

ಇಂದು ನೆನೆದರೆ ನಗು ತಡೆಯಲಾಗುವುದಿಲ್ಲ. ತಾಮ್ರದ ಕೆಳಗೆ ಗಾಜಿನ ಬಣ್ಣ ಕಾಣಿಸಿದ್ದನ್ನು ಕಿಲುಬು ಎಂದುಕೊಂಡು, ಅದು ಹೋಗಲೇಬೇಕೆಂದು ಹಟ ಹಿಡಿದು ಐವತ್ತೊಂದನ್ನೂ ತಿಕ್ಕಿದ್ದರು. ಅಂದು ಮಾತ್ರ ನನಗೆ ನಗು ಬರಲಿಲ್ಲ. "ಇವು ತಾಮ್ರ ಅಲ್ಲರೀ, ಗಾಜು! ಬಳಿ ಗಾಜು!" ಎಂದುಬಿಟ್ಟೆ.

ಅತ್ತೆಯ ಕೈ ನಿಂತಿತು. "ಒಡದ ಬಳಿ ಚೂರು ತಂದು ನನ್ನ ಬಂಬದಾಗ ಇಟ್ಟಿದ್ದೇನು?" ಎಂದರು. ದನಿ ಏರಿತ್ತು. "ಮುತ್ತೈದಿ ಮನಿಯಾಗ ಇಂಥಾದ್ದು ಮಾಡಬಾರದಂತ ಗೊತ್ತಿಲ್ಲೇನು ನಿನಗ?"

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು, ಇವತ್ತಿಗೂ ಹಾಗೇ. "ಕೊರಳಾಗ ಏನೂ ಹಾಕ್ಕೊಳ್ಳದವರಿಗೆ ಮಣಿ ಉಸಾಬರಿ ಯಾಕ ಬೇಕಾಗಿತ್ತು?" ಎಂದೆ.

ಮಾತು ಬಾಯಿಂದ ಬಿದ್ದದ್ದೇ ನಾಲಿಗೆ ಕಚ್ಚಿಕೊಂಡೆ. ಏನು ಉಪಯೋಗ? ಅತ್ತೆ ಮಣಿಗಳಿಗೆ ಎರಡು ಚೆಂಬು ನೀರು ಹಾಕಿ ತೊಳೆದು, ತಟ್ಟೆಯನ್ನು ನನ್ನ ಕಡೆ ಸರಿಸಿ, ಎದ್ದು ಹೋದರು. ಇಷ್ಟು ವರ್ಷಗಳಲ್ಲಿ ನಾನು ಆಡಿದ ಮಾತುಗಳಲ್ಲಿ ಅಷ್ಟು ನಾಚಿಕೆಪಟ್ಟದ್ದು ಇನ್ನೊಂದಿಲ್ಲ.

ಮೂರು ದಿನ ಮನೆಯಲ್ಲಿ ಪಾತ್ರೆಗಳ ಸದ್ದೊಂದೇ. ಅತ್ತೆ ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಬೈಗುಳದಲ್ಲಿ ಅವರನ್ನು ಎದುರಿಸುವುದು ನನಗೆ ರೂಢಿಯಾಗಿತ್ತು, ಮೌನ ರೂಢಿಯಿರಲಿಲ್ಲ. ಪ್ರದರ್ಶನಕ್ಕೆ ಆ ಪಚ್ಚೆನೀಲಿ ಸರವನ್ನೇ ಇಟ್ಟೆ. ನೋಡಿದವರು ಚೆನ್ನಾಗಿದೆ ಎಂದರು. ನನಗೆ ಯಾವುದೂ ರುಚಿಸಲಿಲ್ಲ. ನಾಲ್ಕನೆಯ ದಿನ ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ಎದ್ದು ಅತ್ತೆಯ ಕಾಲು ಹಿಡಿದು, "ತಪ್ಪಾತರೀ" ಎಂದೆ. ಅವರು, "ಏಳು, ಹಿಟ್ಟಿನ ಕೈ ಸೀರಿಗೆ ಹತ್ತತದ" ಎಂದರು, ಅಷ್ಟೆ.

ಅದೇ ದಿನ ಮಧ್ಯಾಹ್ನ ನಾನು ಕೆಳಗೆ ಹೊರಟಾಗ ಅತ್ತೆ ಕರೆದು, ಒಂದು ಸಣ್ಣ ಹಿತ್ತಾಳೆ ಡಬ್ಬಿಯನ್ನು ನನ್ನ ಕೈಗಿಟ್ಟರು. ಮಾವ ಎಲೆಯಡಿಕೆಗೆ ಇಟ್ಟುಕೊಳ್ಳುತ್ತಿದ್ದ ಸುಣ್ಣದ ಡಬ್ಬಿ ಅದು. ತೆರೆದರೆ ಒಳಗೆ ಅರಳೆಯ ನಡುವೆ ಹಸಿರು ಬಳೆಯ ಏಳು ಚೂರು.

"ಅವತ್ತಿನವು" ಎಂದರು. ಯಾವ ದಿನ ಎಂದು ಕೇಳಬೇಕಾಗಿರಲಿಲ್ಲ. ಮಾವ ತೀರಿದ ದಿನ ಹೆಂಗಸರು ಕೂಡಿ ಒಡೆದ ಬಳೆಗಳು. "ಎಲ್ಲಾ ಆರಿಸಿ ಒಯ್ದು ನೀರಿಗೆ ಹಾಕಿದ್ರು. ನನ್ನ ಸೀರಿ ನಿರಿಗ್ಯಾಗ ಸಿಕ್ಕೊಂಡಿದ್ದು ಇಷ್ಟು ಉಳದಿದ್ದೂ. ಇಪ್ಪತ್ತೈದು ವರ್ಷ ಇಟ್ಟಗೊಂಡೀನಿ. ಮನಿಯಾಗ ಇರಬಾರದಂತ ನಿನಗ ಹೇಳ್ತೀನಿ, ನಾನಽ ಇಟ್ಟಗೊಂಡೀನಿ."

ಅರಳೆಯನ್ನು ಚೂರುಗಳ ಮೇಲೆ ಮುಚ್ಚಿ ಮುಂದುವರಿಸಿದರು. "ಹಸರು ನನಗ ಹಾಕ್ಕೊಳ್ಳಾಕ ಬರಂಗಿಲ್ಲ. ನಿನ್ನ ಉರಿಯಾಗ ಇದು ತಾಮ್ರದ ಬಣ್ಣ ಆದ್ರ ಯಾರು ಏನಂತಾರ? ಮಾಡ್ತೀಯೇನು?"

ಮಾಡುತ್ತೇನೆ ಎಂದೆ. ಡಬ್ಬಿ ಹಿಡಿದು ಜಿನೆ ಇಳಿದೆ. ಇರುವುದು ಏಳೇ ಚೂರು. ಕೆಟ್ಟರೆ ಇನ್ನೊಂದು ತರಲು ಯಾವ ಪೇಟೆಯೂ ಇಲ್ಲ. ಬೇರೆ ಬಳೆಯ ಗಾಜು ಬೆರೆಸುವಂತೆಯೂ ಇಲ್ಲ. ಒಂದರ ಗಾಜಿಗೆ ಇನ್ನೊಂದರದು ಹೊಂದದೆ ಆರುವಾಗ ಸೀಳಿಬಿಡುತ್ತದೆ. ಕಾಕಾ ಒಂದು ಚೂರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲ ಹಸಿರೂ ತಾಮ್ರದ ಹಸಿರಲ್ಲ, ಹಳೆಯ ಗಾಜನ್ನು ಕಣ್ಣಿಂದ ನೋಡಿ ಹೇಳಲಾಗದು ಎಂದರು. ತಾಮ್ರವಿದ್ದರೆ ಮೇಲೆ ಬರುತ್ತದೆ. ಇಲ್ಲದಿದ್ದರೆ ಹಸಿರು ಹಸಿರಾಗಿಯೇ ಉಳಿಯುತ್ತದೆ.

ಮೊದಲ ಚೂರು ಉರಿಯ ಅಂಚಿಗೆ ಹೋದದ್ದೇ ಚಟ್ ಎಂದು ಸಿಡಿಯಿತು. ಅವಸರ ಮಾಡಿದ್ದೆ. ಎರಡನೆಯದನ್ನು ಮೆಲ್ಲಗೆ ಕಾಯಿಸಿ, ಸುತ್ತಿ, ದುಂಡಗೆ ಮಾಡಿ, ಕಾಲು ಸಡಿಲಿಸಿದೆ. ಹಳದಿ ಉರಿಯಲ್ಲಿ ಬಣ್ಣ ಏಳುವುದು ಕಾಣಲಿಲ್ಲ. ತಾಮ್ರ ಇಲ್ಲವೇ ಇಲ್ಲವೇನೋ ಎಂಬ ಭಯಕ್ಕೆ ಇನ್ನೂ ಹಿಡಿದೆ, ಮತ್ತೂ ಹಿಡಿದೆ. ತೆಗೆದಾಗ ಮಣಿ ಸುಟ್ಟ ಬದನೆಕಾಯಿಯಾಗಿತ್ತು. ತಾಮ್ರ ಇದೆ ಎಂಬುದಂತೂ ಖಾತ್ರಿಯಾಯಿತು, ಆದರೆ ಉಳಿದದ್ದು ಐದು ಚೂರು. ನಾನು ಗ್ಯಾಸು ಆರಿಸಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಮರುದಿನ ಅತ್ತೆಗೆ ನಡೆದದ್ದನ್ನು ಹೇಳಿದೆ. ಅವರು ಸೆರಗು ಸುತ್ತಿಕೊಂಡು ನನ್ನ ಹಿಂದೆಯೇ ಜಿನೆ ಇಳಿದರು. ಕಾಕಾನ ಹೊಸ್ತಿಲ ಮೇಲೆ ಅವರು ಕೂತದ್ದು ಅದೇ ಮೊದಲು. ಕಾಕಾ ಮರಾಠಿಯಲ್ಲಿ, "ಬರಬೇಕು, ಬರಬೇಕು" ಎಂದರು. ಅತ್ತೆ ಕನ್ನಡದಲ್ಲಿ, "ನಿಮ್ಮ ಗ್ಯಾಸು ಭಾಳ ತಿಂತದಲ್ರಿ ಈ ಹುಡುಗಿ" ಎಂದರು. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಯಿತು.

ಮೊದಲು ಪೇಟೆಯ ಚೂರಿನಿಂದ ಎರಡು ಮಣಿ ಮಾಡಿ ತೋರಿಸಿದೆ. ಅತ್ತೆ ಮಣಿಯನ್ನು ನೋಡಲೇ ಇಲ್ಲ, ಉರಿಯನ್ನು ನೋಡುತ್ತಿದ್ದರು. ಎಂಟನೆಯ ವಯಸ್ಸಿನಿಂದ ಒಲೆಯ ಮುಂದೆ ಕೂತ ಕಣ್ಣು ಅದು. ಹಂಚಿನ ಮೇಲಿನ ರೊಟ್ಟಿಯನ್ನು ಮುಟ್ಟದೇ, ಉರಿಯ ಬಣ್ಣ ನೋಡಿಯೇ ತಿರುವುವ ಕಣ್ಣು. ಆಮೇಲೆ ಅವರ ಚೂರನ್ನು ತೆಗೆದುಕೊಂಡೆ. ಕಾಯಿಸಿದೆ, ಸುತ್ತಿದೆ, ದುಂಡಗೆ ಮಾಡಿದೆ, ಕೆಂಪು ಇಳಿಯಲು ಬಿಟ್ಟೆ. ಕಾಲು ಸಡಿಲಿಸಿದೆ. ಉರಿ ಹಳದಿಯಾಗಿ ಮಣಿಯನ್ನು ಸುತ್ತಿಕೊಂಡಿತು.

"ಸಾಕು" ಎಂದರು ಅತ್ತೆ.

ನನಗೆ ಅದು ಬೇಗ ಅನ್ನಿಸಿತು. ಆದರೂ ತೆಗೆದೆ. ಬೂದಿಯಿಂದ ಮರುದಿನ ತೆಗೆದು ಒರೆಸಿದಾಗ ಹೊಸ ಚೆಂಬಿನ ಬಣ್ಣ. ಹೀಗೆ ಉಳಿದ ನಾಲ್ಕಕ್ಕೂ ಅವರೇ ಸಾಕು ಎಂದರು, ನಾನು ತೆಗೆದೆ. ಒಂದೂ ಕೆಡಲಿಲ್ಲ. ಕಾಕಾ ಪಕ್ಕದಲ್ಲಿ ಕೂತು, "ಎರಡು ವರ್ಷ ನಾನು ಕಲಿಸಿದ್ದನ್ನು ಇವರು ಎರಡು ದಿನದಲ್ಲಿ ಕಲಿಸಿಬಿಟ್ಟರು" ಎಂದರು. ಅದು ನಿಜವೇ, ಬೇಜಾರಾಗಲಿಲ್ಲ.

ಅತ್ತೆ ಐದು ಮಣಿಗಳನ್ನು ತಾವೇ ಹೊಸೆದ ಅರಳೆಯ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು, ಸೆರಗಿನೊಳಗೆ ಮುಚ್ಚಿಕೊಂಡರು. ಯಾರಿಗೂ ಕಾಣುತ್ತಿರಲಿಲ್ಲ. ರೊಟ್ಟಿ ಬಡಿಯಲು ಬಾಗಿದಾಗ ಒಮ್ಮೊಮ್ಮೆ ಕಿಣಿಕಿಣಿ ಅನ್ನುತ್ತಿತ್ತು. ಆಗ ಅವರು ಕೈ ನಿಲ್ಲಿಸಿ ಸೆರಗು ಸರಿಮಾಡಿಕೊಳ್ಳುವರು. ಕಾಣದವಳಂತೆ ನಾನು ಇನ್ನೊಂದು ಉಂಡೆ ಮಾಡಿಕೊಡುತ್ತಿದ್ದೆ. ಹೊಸದಾಗಿ ನನ್ನ ಮಣಿ ಕೊಂಡವರಿಗೆಲ್ಲ ಅತ್ತೆಯದೊಂದು ಉಪದೇಶ ಇದ್ದೇ ಇರುತ್ತಿತ್ತು: "ಹುಣಸಿಹಣ್ಣು ಮಾತ್ರ ಹಚ್ಚಬ್ಯಾಡ್ರಿ."

ಎಂಬತ್ತರ ದಶಕ ಬಂತು. ಕಾಕಾ ಬಾರಾಮತಿಗೆ, ತಮ್ಮನ ಮಗನ ಮನೆಗೆ ಹೊರಟರು. ಟಾರ್ಚು, ತಿದಿ ನನಗೇ ಬಿಟ್ಟರು. ನಮ್ಮ ಮನೆಗೂ ಗ್ಯಾಸು ಬಂತು. ಅದರಲ್ಲಿ ಅಡುಗೆ ಎಷ್ಟು, ಗಾಜು ಎಷ್ಟು ಎಂಬ ಜಗಳ ಗಂಡ ಹೆಂಡಿರ ನಡುವೆ ಸುಖವಾಗಿ ನಡೆದಿತ್ತು. ಬಂಬದ ಜಾಗಕ್ಕೆ ಕರೆಂಟಿನ ಗೀಜರ್ ಬಂದರೂ ಅತ್ತೆ ಶುಕ್ರವಾರ ಬಂಬ ತಿಕ್ಕುವುದನ್ನು ಬಿಡಲಿಲ್ಲ.

ಒಂದು ದಿನ ಅತ್ತೆಯ ತಲೆಗೆ ಎಣ್ಣೆ ಹಚ್ಚುವಾಗ ನೋಡಿದೆ. ವರ್ಷಗಟ್ಟಲೆ ಮೈಗೆ ಉಜ್ಜಿ ಒಂದು ಮಣಿಯ ಒಳಮಗ್ಗುಲಲ್ಲಿ ತಾಮ್ರ ಸವೆದಿತ್ತು. ಅಲ್ಲಿ ಹಸಿರು ಇಣುಕುತ್ತಿತ್ತು. ಆರಿದ ಮಣಿಯನ್ನು ಮತ್ತೆ ಉರಿಗೆ ಹಿಡಿದರೆ ಸೀಳುವ ಭಯ. ಹಾಗೇ ಬಿಟ್ಟರೆ ಯಾರಾದರೂ ಕಂಡು ಏನಾದರೂ ಅಂದಾರು. "ಅತ್ತಿಯವರಽ, ಇದೊಂದು ಹಸರ ಕಾಣಾಕ ಹತ್ತೇದರಿ. ತಗದ ಕೊಡ್ರಿ, ಏನರೆ ಮಾಡಿ ನೋಡ್ತೀನಿ" ಎಂದೆ. ಅವರು ಮಣಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೋಡೂಣು ಬಿಡು" ಎಂದರು.

ಮುಂದಿನ ಶುಕ್ರವಾರ ನಾನು ಪೇಟೆಯಿಂದ ಬಂದಾಗ ಅತ್ತೆ ಮೋರಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬಂಬ ಇನ್ನೂ ತಿಕ್ಕಿರಲಿಲ್ಲ. ಮುಂದೆ ಹುಣಸೆಹಣ್ಣಿನ ಬಟ್ಟಲು, ಉಪ್ಪು, ಬೂದಿ. ಕೈಯಲ್ಲಿ ನಾರು. ತಟ್ಟೆಯಲ್ಲಿ ನಾಲ್ಕು ಮಣಿ ಹಸಿರಾಗಿ ತೊಳೆದು ಬಿದ್ದಿದ್ದವು. ಐದನೆಯದನ್ನು ತಿಕ್ಕುತ್ತಿದ್ದರು.

ನಾನು ಬಾಗಿಲಲ್ಲೇ ನಿಂತೆ.

"ಕಿಲಬ ಅಲ್ಲಂತ ಗೊತ್ತದ ನನಗ" ಎಂದರು ಅತ್ತೆ, ತಲೆ ಎತ್ತದೆ. "ಸಾಕು ಅನ್ನಿಸ್ತು."

ಮಣಿ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ದಾರಕ್ಕೆ ಪೋಣಿಸಲು ನನಗೆ ಕೊಟ್ಟರು, ಅವರಿಗೆ ಆಗ ಸೂಜಿಯ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಪೋಣಿಸಿ ಅವರ ಕೊರಳ ಹಿಂದೆ ಗಂಟು ಹಾಕಿದೆ. ಆಮೇಲೆ ಅವರು ಎದ್ದು, ಸೆರಗಿನ ಮೇಲೆ ಹಸಿರು ಮಣಿ ಕಾಣುವಂತೆ ಬಿಟ್ಟುಕೊಂಡು, ಪಕ್ಕದ ಮನೆಗೆ ಮೊಸರು ಕೇಳಲು ಹೋದರು.